ಬೇವೂರಿನ ಹೊಲದಲ್ಲಿ ರಾಕ್ಷಸರು

2024ರ ಡಿಸೆಂಬರ್ 30, ಸೋಮವಾರ, ಎಳ್ಳ ಅಮಾವಾಸ್ಯೆ. ಬಾಗಲಕೋಟೆ ತಾಲ್ಲೂಕಿನ ಬೇವೂರಿನಲ್ಲಿ ಅಂದು ಮನೆಯೊಳಗೆ ಉಳಿದವರೆಂದರೆ ಕಾಯಿಲೆಯವರು ಮತ್ತು ಬೆಕ್ಕುಗಳು ಮಾತ್ರ. ಉಳಿದ ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲದ ಹಾದಿ ಹಿಡಿದಿತ್ತು. ನಾನೂ ಗೆಳೆಯರೊಬ್ಬರ ಕರೆಗೆ ಓಗೊಟ್ಟು ಬೆಳಗಿನ ಬಸ್ಸಿಗೇ ಬಂದಿಳಿದಿದ್ದೆ. ಎತ್ತ ನೋಡಿದರೂ ಎರೆಭೂಮಿ. ಎದೆಯೆತ್ತರ ನಿಂತ ಬಿಳಿಜೋಳ, ಅದರ ಮಗ್ಗುಲಿಗೆ ಮೊಣಕಾಲೆತ್ತರದ ಕಡಲೆ. ಬೆಳಗಿನ ಇಬ್ಬನಿಯಲ್ಲಿ ಕಡಲೆಯ ಹೊಲದೊಳಗೆ ನಡೆದರೆ ಧೋತರದ ಅಂಚೆಲ್ಲ ತೊಯ್ದು, ನಾಲಗೆಗೆ ಹಚ್ಚಿ ನೋಡಿದರೆ ಹುಳಿ ಹುಳಿ. ಗಿಡ ತಾನೇ ಸೂಸುವ ಆಮ್ಲವದು. ನಮ್ಮ ಕಡೆ ಬಿಳಿ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿಟ್ಟುಕೊಳ್ಳುವ ರೂಢಿಯಿತ್ತು.

ಚರಗ ಚೆಲ್ಲುವುದೆಂದರೇನು ಎಂದು ಅರಿಯದ ಪಟ್ಟಣದ ಓದುಗರಿಗಾಗಿ ಎರಡು ಮಾತು. ಹೊಲದಲ್ಲಿ ಐದು ಕಲ್ಲು ಹೂಡಿ, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತಾರೆ. ತಂದ ಅಡುಗೆಯನ್ನೆಲ್ಲ ಕಲಸಿ ನಾಲ್ಕೂ ದಿಕ್ಕಿನ ಬೆಳೆಯ ಮೇಲೆ ತೂರುತ್ತಾರೆ. ಭೂಮಿತಾಯಿ ತುಂಬಿದ ಬಸುರಿ, ಆಕೆಗೆ ಇದು ಬಯಕೆಯ ಊಟ. ಹಕ್ಕಿ, ಇರುವೆ, ಹುಳಹುಪ್ಪಡಿಗೂ ಅದರಲ್ಲಿ ಪಾಲು. ಆಮೇಲೆ ಮನುಷ್ಯರ ಸರದಿ: ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಈ ಭಾಗವನ್ನು ಹೆಚ್ಚು ವರ್ಣಿಸುವುದಿಲ್ಲ, ಓದುಗರಿಗೆ ಹಸಿವಾದೀತು.

ಚರಗ ಚೆಲ್ಲಲು ಎಲ್ಲರೂ ಹೊರಟರು. ಗೆಳೆಯರ ಕಿರಿಯ ಮಗ, ಒಂಬತ್ತನೆಯ ತರಗತಿಯ ಹುಡುಗ, ಕಡಲೆಯ ಪಟ್ಟಿಯ ಬದುವಿನ ಮೇಲೆಯೇ ನಿಂತುಬಿಟ್ಟ. ಕರೆದರೂ ಬರಲೊಲ್ಲ. ನನ್ನ ಅಂಗಿ ಹಿಡಿದೆಳೆದು ಮೆಲ್ಲಗೆ ಅಂದ: “ಸರ್, ಅಲ್ಲಿ ಹೋಗಬ್ಯಾಡ್ರಿ. ಅಲ್ಲಿ ಜೋಂಬಿ ಅದಾವ್ರಿ.”

ಅವನು ಬೆರಳು ತೋರಿದತ್ತ ನೋಡಿದೆ. ಕಡಲೆ ಗಿಡದ ತುತ್ತತುದಿಯಲ್ಲಿ ಒಂದು ಕೀಡೆ ಹಿಂಗಾಲುಗಳಿಂದ ಕೊಂಬೆಯನ್ನು ಕಚ್ಚಿ ಹಿಡಿದು ತಲೆಕೆಳಗಾಗಿ ನೇತಾಡುತ್ತಿತ್ತು. ಮೈ ಕಪ್ಪಿಟ್ಟು ಜೋಲು ಬಿದ್ದಿತ್ತು. ಆಚೆ ಇನ್ನೊಂದು, ಅದರಾಚೆ ಮತ್ತೊಂದು. ಹಗಲೆಲ್ಲ ಎಲೆಯ ಮರೆಯಲ್ಲಿ ಅಡಗಬೇಕಾದ ಕಾಯಿಕೊರಕ ಕೀಡೆಗಳು ಹೀಗೆ ಬಯಲಿಗೆ ಬಂದು, ಎತ್ತರ ಏರಿ ಸತ್ತಿವೆ. ಹುಡುಗನ ಮಾತನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ.

ಅವನು ಮೊಬೈಲಿನಲ್ಲಿ ಒಂದು ಧಾರಾವಾಹಿ ನೋಡಿದ್ದ. ‘ದಿ ಲಾಸ್ಟ್ ಆಫ್ ಅಸ್’ ಎಂದು ಹೆಸರು. 2013ರಲ್ಲಿ ವಿಡಿಯೋ ಆಟವಾಗಿ ಬಂದದ್ದು, 2023ರಲ್ಲಿ ಧಾರಾವಾಹಿಯಾಯಿತು. ಒಂದು ಬಗೆಯ ಶಿಲೀಂಧ್ರ, ಅಂದರೆ ನಾವು ಬೂಷ್ಟು, ಅಣಬೆ ಎನ್ನುವ ಕುಲದ್ದು, ಮನುಷ್ಯರ ಮಿದುಳನ್ನು ಹೊಕ್ಕು ಅವರನ್ನು ತನ್ನ ಆಳುಗಳನ್ನಾಗಿ ಮಾಡಿಕೊಳ್ಳುತ್ತದೆ. ಅವರ ತಲೆಯೊಡೆದು ಅಣಬೆ ಅರಳುತ್ತದೆ. ಇದು ಕಟ್ಟುಕತೆ. ಆದರೆ ಬೇರು ಕಟ್ಟುಕತೆಯಲ್ಲ. ಬಿಬಿಸಿಯವರು 2006ರಲ್ಲಿ ತೋರಿಸಿದ ‘ಪ್ಲಾನೆಟ್ ಅರ್ಥ್’ ಸರಣಿಯಲ್ಲಿ ಉಷ್ಣವಲಯದ ಕಾಡಿನ ಇರುವೆಯೊಂದರ ದೃಶ್ಯವಿತ್ತು. ಆಟ ಕಟ್ಟಿದವರಿಗೆ ಅದೇ ಸ್ಫೂರ್ತಿ.

ಆ ಇರುವೆಯ ಕತೆ ನಿಜಕ್ಕೂ ಮೈ ಜುಮ್ಮೆನಿಸುವಂಥದು. ಓಫಿಯೋಕಾರ್ಡಿಸೆಪ್ಸ್ ಎಂಬ ಶಿಲೀಂಧ್ರದ ಬೀಜಕಣ ಇರುವೆಯ ಮೈಗೆ ಅಂಟಿ, ಚರ್ಮ ಕೊರೆದು ಒಳಗಿಳಿಯುತ್ತದೆ. ಕೆಲವು ದಿನಗಳಲ್ಲಿ ಇರುವೆ ಗೂಡು ಬಿಟ್ಟು ಹೊರಬೀಳುತ್ತದೆ, ಗಿಡ ಏರುತ್ತದೆ, ಎಲೆಯ ನರವನ್ನು ಕಚ್ಚಿ ಹಿಡಿದು ಹಾಗೆಯೇ ಸಾಯುತ್ತದೆ. ಥಾಯ್ಲೆಂಡಿನ ಕಾಡಿನಲ್ಲಿ ಅಳೆದು ನೋಡಿದವರಿಗೆ ಈ ಹೆಣಗಳು ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದಲ್ಲೇ ಸಿಕ್ಕವು. ಶಿಲೀಂಧ್ರ ಬೆಳೆಯಲು ಬೇಕಾದ ತಂಪು, ತೇವ ಅಲ್ಲಿಯೇ ಇರುವುದು. ಜರ್ಮನಿಯ ಮೆಸ್ಸೆಲ್ ಎಂಬಲ್ಲಿ ಸಿಕ್ಕ 4 ಕೋಟಿ 80 ಲಕ್ಷ ವರ್ಷ ಹಳೆಯ ಎಲೆಯ ಪಳೆಯುಳಿಕೆಯ ನರದ ಮೇಲೂ ಇಂಥ ಕಚ್ಚಿದ ಗುರುತುಗಳಿವೆ. 2017ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಶಿಲೀಂಧ್ರದ ಎಳೆಗಳು ಇರುವೆಯ ಸ್ನಾಯುಗಳನ್ನೆಲ್ಲ ಬಲೆಯಂತೆ ಸುತ್ತಿಕೊಂಡಿರುತ್ತವೆ, ಆದರೆ ಮಿದುಳಿನೊಳಗೆ ಹೋಗಿರುವುದಿಲ್ಲ. ಧಾರಾವಾಹಿಯವರು ಮಿದುಳನ್ನು ಹೊಗಿಸಿದ್ದಾರೆ. ಪ್ರಕೃತಿ ಅದನ್ನು ಹೊರಗಿಟ್ಟೇ ಕೆಲಸ ಸಾಧಿಸಿದೆ. ಎರಡರಲ್ಲಿ ಯಾವುದು ಹೆಚ್ಚು ಭಯಾನಕ ಎಂಬುದನ್ನು ಓದುಗರೇ ನಿರ್ಧರಿಸಲಿ.

ಆದರೆ ನಮ್ಮೆದುರಿಗಿದ್ದ ಕೀಡೆ? ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ಮೈ ಒಡೆದು ಕಂದು ನೀರು ತೊಟ್ಟಿಕ್ಕಿತು. ಶಿಲೀಂಧ್ರದಿಂದ ಸತ್ತಿದ್ದರೆ ಹೀಗಾಗುತ್ತಿರಲಿಲ್ಲ. ಮೈ ಸುಣ್ಣದ ಕಡ್ಡಿಯಂತೆ ಗಡುಸಾಗಿ, ಮೊದಲು ಬೆಳ್ಳಗೆ, ಆಮೇಲೆ ಹಸಿರು ಹುಡಿ ಹಿಡಿದು ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಶೇಂಗಾ, ಸೋಯಾಬೀನ್ ಹೊಲಗಳಲ್ಲಿ ಅಂಥವೂ ಕಾಣಸಿಗುತ್ತವೆ. ನೊಮೊರಿಯಾ ಎಂಬ ಆ ಶಿಲೀಂಧ್ರದ ಮೇಲೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಹಳ ಕೆಲಸ ನಡೆದಿದೆ. ಇಲ್ಲಿ ನೇತಾಡುತ್ತಿದ್ದದ್ದು ಬೇರೆ, ಎನ್.ಪಿ.ವಿ. ಎಂಬ ನಂಜಾಣು ತಗುಲಿದ ಕೀಡೆ. ನಂಜಾಣು ಅದನ್ನು ಎತ್ತರಕ್ಕೆ ಏರಿಸಿ ಕೊಲ್ಲುತ್ತದೆ. ಮೈ ಕರಗಿ ಸೋರಿದಾಗ ಕೋಟಿಗಟ್ಟಲೆ ನಂಜಾಣುಗಳು ಕೆಳಗಿನ ಎಲೆಗಳ ಮೇಲೆ ಬೀಳುತ್ತವೆ, ಆ ಎಲೆ ತಿಂದ ಕೀಡೆಗಳಿಗೆ ಅಂಟುತ್ತವೆ. ಅಮೆರಿಕದಲ್ಲಿ ಇಂಥದೇ ಇನ್ನೊಂದು ಕೀಡೆಯನ್ನು ಅಭ್ಯಾಸ ಮಾಡಿದವರು, ನಂಜಾಣುವಿನ ಒಂದೇ ಒಂದು ಜೀನ್ ಈ ಏರಾಟಕ್ಕೆ ಕಾರಣವೆಂದು 2011ರಲ್ಲಿ ತೋರಿಸಿಕೊಟ್ಟರು.

ಗೆಳೆಯರಿಗೆ ಇದೆಲ್ಲ ಹೊಸದೇನಲ್ಲ. ಇಂಥ ಸತ್ತ ಕೀಡೆಗಳನ್ನೇ ಆರಿಸಿ, ಅರೆದು, ಸೋಸಿ, ಬೆಲ್ಲ ಬೆರೆಸಿ ಹೊತ್ತು ಮುಳುಗುವಾಗ ಸಿಂಪಡಿಸಿದರೆ ಉಳಿದ ಕೀಡೆಗಳೂ ಸಾಯುತ್ತವೆ. ಹೆಕ್ಟೇರಿಗೆ 250 ಕೀಡೆಗಳ ಲೆಕ್ಕ. ಬಿಸಿಲಿಗೆ ನಂಜಾಣು ತಾಳುವುದಿಲ್ಲವಾದ್ದರಿಂದ ಸಂಜೆಯೇ ಆಗಬೇಕು. “ಅದೂ ಮಾಡೀವಿ, ಬೇವಿನ ಬೀಜದ ಕಷಾಯಾನೂ ಹೊಡದೀವಿ” ಎಂದರು ಅವರು. 100 ಲೀಟರ್ ನೀರಿಗೆ 5 ಕಿಲೋ ಬೇವಿನ ಬೀಜದ ತಿರುಳು. ಹೆಸರಿನಲ್ಲೇ ಬೇವನ್ನು ಹೊತ್ತ ಊರಿನಲ್ಲಿ ಅವರು ಆ ಬೀಜವನ್ನು ಪೇಟೆಯಿಂದ ಕೊಂಡು ತಂದಿದ್ದರಂತೆ! ಬೀಜ ಉದುರುವ ಕಾಲಕ್ಕೆ ಆರಿಸುವವರು ಮನೆಯಲ್ಲಿ ಯಾರೂ ಇಲ್ಲ.

ನನ್ನ ಚೀಲದಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತದೆ. ಅದನ್ನು ಹುಡುಗನ ಕೈಗಿತ್ತೆ. ಮೊದಲು ದೂರದಿಂದ ನೋಡಿದ, ಆಮೇಲೆ ಬಗ್ಗಿದ. ಅವನ ಕಣ್ಣಿಗೆ ಬಿದ್ದದ್ದು ನಾನು ಗಮನಿಸದೆ ಬಿಟ್ಟದ್ದು: ಎಲೆಯ ಬುಡದಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಗೂಡು, ಅದರ ಪಕ್ಕದಲ್ಲೇ ಎಳೆಗೀಡೆಯ ಬತ್ತಿದ ತೊಗಲು. ಕ್ಯಾಂಪೊಲೆಟಿಸ್ ಎಂಬ ಸಣ್ಣ ಕಣಜದ ಕೆಲಸ ಅದು. ಕೀಡೆ ಇನ್ನೂ ಎಳೆಯದಿರುವಾಗ ಈ ಕಣಜ ಅದರ ಮೈಯೊಳಗೆ ಒಂದು ಮೊಟ್ಟೆ ಚುಚ್ಚಿಬಿಡುತ್ತದೆ. ಮರಿಹುಳ ಒಳಗಿನಿಂದ ತಿನ್ನುತ್ತ ಬೆಳೆದು, ಕೊನೆಗೆ ತೊಗಲು ಸೀಳಿ ಹೊರಬಂದು ಗೂಡು ಹೆಣೆಯುತ್ತದೆ. 1979ರಲ್ಲಿ ಬಂದ ‘ಏಲಿಯನ್’ ಸಿನಿಮಾದಲ್ಲಿ ಗಗನಯಾತ್ರಿಯ ಎದೆ ಸೀಳಿಕೊಂಡು ಒಂದು ಪ್ರಾಣಿ ಹೊರಬರುತ್ತದಲ್ಲ, ಅದರ ಮೂಲ ಇಂಥ ಕಣಜಗಳ ಬದುಕೇ ಎನ್ನುತ್ತಾರೆ. ಡಾರ್ವಿನ್‌ಗೂ ಈ ಕುಲದ ಕಣಜಗಳು ನೆಮ್ಮದಿ ಕೆಡಿಸಿದ್ದವು. ಜೀವಂತ ಕೀಡೆಯ ಮೈಯೊಳಗೆ ತಿಂದು ಬೆಳೆಯಲೆಂದೇ ದಯಾಳುವಾದ ದೇವರು ಇವನ್ನು ಸೃಷ್ಟಿಸಿದನೆಂದು ತಾನು ನಂಬಲಾರೆ ಎಂದು 1860ರಲ್ಲಿ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದ. ಬೇವೂರಿನ ರೈತನಿಗೆ ಆ ಸಂಕಟವಿಲ್ಲ. ಕಾಯಿ ಉಳಿಸಿದ ಹುಳ ಒಳ್ಳೆಯ ಹುಳ.

ಊಟಕ್ಕೆ ಕೂತಾಗಲೂ ಹುಡುಗ ರೊಟ್ಟಿಯನ್ನು ತಿರುವಿ ಮುರುವಿ ನೋಡುತ್ತಿದ್ದ. ಕೊನೆಗೆ ಬಾಯಿ ಬಿಟ್ಟ. “ಸರ್, ಕೀಡಿದು ಬಿಡ್ರಿ. ನಮ್ಮ ಮಾವಗ ಬೂಜು ಖರೇನ ಹೊಕ್ಕಿತ್ತಲ್ರಿ.”

ಎಲ್ಲರ ಮಾತೂ ನಿಂತಿತು. 2021ರ ಬೇಸಿಗೆಯಲ್ಲಿ, ಕೋವಿಡ್ಡಿನ ಎರಡನೆಯ ಅಲೆಯ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ರೋಗದಲ್ಲಿ ಅವನ ಸೋದರಮಾವ ಒಂದು ಕಣ್ಣು ಕಳೆದುಕೊಂಡಿದ್ದಾರೆ. ಆಗ ಇವನಿಗೆ ಹತ್ತೋ ಹನ್ನೊಂದೋ. ಮನೆಯಲ್ಲಿ ಯಾರೂ ಅವನಿಗೆ ಏನನ್ನೂ ವಿವರಿಸಿರಲಿಲ್ಲ. ಧಾರಾವಾಹಿ ವಿವರಿಸಿತು, ತನ್ನದೇ ರೀತಿಯಲ್ಲಿ.

ಇಂಥ ಹೊತ್ತಿನಲ್ಲಿ ಮಾಸ್ತರರು “ಏನೂ ಆಗೂದಿಲ್ಲ ತಗೋ” ಎಂದು ಬೆನ್ನು ತಟ್ಟುವುದು ಸುಲಭ. ಆದರೆ ಅವನು ಕೇಳಿದ್ದು ನಿಜವಾದ ಪ್ರಶ್ನೆ. ಆ ರೋಗದ ಶಿಲೀಂಧ್ರ ಮಿದುಳಿನವರೆಗೂ ಹೋಗಬಲ್ಲದು, ಅದು ಸುಳ್ಳಲ್ಲ ಎಂದೇ ಮೊದಲು ಹೇಳಿದೆ. ಅದರ ಬೀಜಕಣಗಳು ಮಣ್ಣಿನಲ್ಲಿ, ಗಾಳಿಯಲ್ಲಿ, ಕೊಳೆತ ಕಸದಲ್ಲಿ ಎಲ್ಲೆಲ್ಲೂ ಇವೆ. ಈಗ ಇಲ್ಲಿ ಕೂತು ನಾವೂ ಉಸಿರಾಡುತ್ತಿದ್ದೇವೆ. ನಮಗೇನೂ ಆಗುವುದಿಲ್ಲ, ಏಕೆಂದರೆ ಮೈಯ ಕಾವಲುಗಾರರು ಎಚ್ಚರವಾಗಿದ್ದಾರೆ. ಮಾವನವರಿಗೆ ಸಕ್ಕರೆ ಕಾಯಿಲೆ ಕೈಮೀರಿತ್ತು, ಕೋವಿಡ್ಡಿಗೆಂದು ಸ್ಟೀರಾಯ್ಡ್ ಕೊಟ್ಟಿದ್ದರು; ಕಾವಲು ಸಡಿಲಾದ ಹೊತ್ತಿಗೆ ಅದು ರಕ್ತನಾಳಗಳನ್ನು ಕಟ್ಟಿ ಆ ಭಾಗವನ್ನು ಕೊಂದಿತು. ಆದರೆ ಅದಕ್ಕೆ ಮನುಷ್ಯನನ್ನು ನಡೆಸುವುದು ಗೊತ್ತಿಲ್ಲ, ಒಬ್ಬರಿಂದ ಒಬ್ಬರಿಗೆ ಹಾರುವುದೂ ಗೊತ್ತಿಲ್ಲ. ಇರುವೆಯ ಶಿಲೀಂಧ್ರದ ಮಾತೇ ಬೇರೆ. ಅದು ಕೋಟ್ಯಂತರ ವರ್ಷ ಇರುವೆಗಳ ಜೊತೆಗೇ ಪಳಗಿದ ಬೀಗದ ಕೈ. ಒಂದು ಜಾತಿಯ ಇರುವೆಯ ಬೀಗ ತೆರೆಯುವುದು ಇನ್ನೊಂದು ಜಾತಿಗೆ ಸಾಮಾನ್ಯವಾಗಿ ಹೊಂದುವುದೇ ಇಲ್ಲ. ಸಾಲದ್ದಕ್ಕೆ ನಮ್ಮ ಮೈಯ 37 ಡಿಗ್ರಿ ಕಾವನ್ನು ಬಹುಪಾಲು ಶಿಲೀಂಧ್ರಗಳು ತಾಳಲಾರವು.

“ಮತ್ತ ಮಾವ ಕಪ್ಪು ಕನ್ನಡಕ ಹಾಕ್ಕೊಂಡು ಕುಂದರೋದು?” ಎಂದ ಹುಡುಗ.

“ಕಣ್ಣಿಲ್ಲಂತ ನಾಚಿಕಿ, ಮತ್ತೇನಲ್ಲ” ಎಂದಳು ತಾಯಿ. ಅವಳ ದನಿ ನಡುಗಿತು. ಅಷ್ಟು ವರ್ಷದಲ್ಲಿ ಆ ಮಾತು ಆ ಮನೆಯಲ್ಲಿ ಬಂದದ್ದು ಅದೇ ಮೊದಲೆಂದು ಗೆಳೆಯರು ಆಮೇಲೆ ಹೇಳಿದರು. ಹುಡುಗ ರೊಟ್ಟಿ ಮುರಿದ.

ಊಟವಾದ ಮೇಲೆ ಜೋಳದ ಹೊಲದಲ್ಲಿ ಅಡ್ಡಾಡಿದೆವು. ಅಲ್ಲೊಂದು ಇಲ್ಲೊಂದು ತೆನೆ ಕಾಳಿಲ್ಲದೆ ಬರೀ ಕರಿ ಹುಡಿಯಾಗಿತ್ತು. ಕಾಡಿಗೆ ರೋಗ, ಇದೂ ಶಿಲೀಂಧ್ರವೇ. ಕೈಗೆ ಹತ್ತಿದ್ದನ್ನು ನೋಡಿ ನನಗೆ ನಗೆ ಬಂತು. ನಾವು ಹುಡುಗರಾಗಿದ್ದಾಗ ಈ ಕಾಡಿಗೆಯಿಂದಲೇ ದಪ್ಪ ಮೀಸೆ, ಹುಬ್ಬು ಬರೆದುಕೊಂಡು ಬಯಲಾಟದ ರಾಕ್ಷಸರಾಗಿ ಕುಣಿಯುತ್ತಿದ್ದೆವು. ರಾಕ್ಷಸನ ವೇಷಕ್ಕೆ ಪರಾವಲಂಬಿ ಶಿಲೀಂಧ್ರವನ್ನು ಬಳಸಿಕೊಳ್ಳುವುದರಲ್ಲಿ ಹಾಲಿವುಡ್ಡಿನವರಿಗಿಂತ ನಾವೇ ಮುಂದಿದ್ದೆವು ಎನ್ನಬೇಕು. ಹುಡುಗನ ತುಟಿಯ ಮೇಲೂ ಒಂದೆಳೆ ಎಳೆದೆ. ಅವನ ತಾಯಿ ಬೈದಳು.

ದನದ ಚಪ್ಪರದ ತೊಲೆಯ ಮೇಲೆ ಅಜ್ಜಿ ನಮಗೊಂದು ಮಣ್ಣಿನ ಮುದ್ದೆ ತೋರಿಸಿದಳು. “ಕುಂಬಾರ ಹುಳದ ಮನಿ. ಒಡೀಬ್ಯಾಡ್ರಿ, ಮನ್ಯಾಗ ಕೂಸು ಹುಟ್ತೈತಿ.” ಕಂದು ಹಳದಿ ಮೈಯ, ದಾರದಂಥ ನಡುವಿನ ಈ ಕಣಜವನ್ನು ಎಲ್ಲರೂ ಕಂಡಿರುತ್ತೀರಿ. ಅದು ಒಂದು ಕೀಡೆಯನ್ನು ಹಿಡಿದು ತಂದು ಗೂಡಿನಲ್ಲಿಟ್ಟು, ಸುತ್ತ ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ, ಕೊನೆಗೆ ಆ ಕೀಡೆ ತನ್ನ ರೂಪ ಮರೆತು ಕಣಜವೇ ಆಗಿಬಿಡುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಭ್ರಮರಕೀಟ ನ್ಯಾಯವೆಂದು ವೇದಾಂತಿಗಳು ಕರೆದದ್ದು ಇದನ್ನೇ. ವಚನಗಳಲ್ಲಿ ಈ ಹುಳಕ್ಕೆ ಕುಂಡಲಿಗ ಎಂಬ ಹೆಸರಿದೆ. ಗುರು ಕುಂಡಲಿಗ, ಶಿಷ್ಯ ಕೀಡೆ. ಬಸವಣ್ಣನವರು ಐಕ್ಯವಾದ ಕೂಡಲಸಂಗಮ ಬೇವೂರಿಗೆ ದೂರವಲ್ಲ. ಅಲ್ಲಿ ಕೃಷ್ಣೆ ಮಲಪ್ರಭೆಯರು ಕೂಡುವಂತೆ ಜೀವ ಶಿವನಲ್ಲಿ ಕೂಡುವುದಕ್ಕೆ ಈ ನೆಲದವರಿಗೆ ತೊಲೆಯ ಮೇಲಿನ ಹುಳವೊಂದು ಸಾಕ್ಷಿಯಾಗಿ ಸಿಕ್ಕಿತ್ತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ನೌಕರಿಗೆ ಸೇರಿದ ಹೊಸದರಲ್ಲಿ, ಬೇರೊಂದು ಊರಿನಲ್ಲಿ, ಇಂಥ ಗೂಡೊಂದನ್ನು ತರಗತಿಯಲ್ಲಿ ಟಪ್ಪೆಂದು ಒಡೆದು, “ನೋಡಿ, ಕೀಡೆ ಹುಳವಾಗುವುದಿಲ್ಲ, ಹುಳದ ಮರಿ ಕೀಡೆಯನ್ನು ತಿನ್ನುತ್ತದೆ. ಕನ್ನಡ ಪಾಠದಲ್ಲಿ ಹೇಳಿದ್ದು ಸುಳ್ಳು” ಎಂದು ದೊಡ್ಡ ಸಾಹಸ ಮಾಡಿದವನಂತೆ ಬೀಗಿದ್ದೆ. ಅಂದು ಸಂಜೆ ಕನ್ನಡದ ಹಿರಿಯ ಮಾಸ್ತರರು ಚಹಾ ಕುಡಿಯುತ್ತ ಕೇಳಿದರು: “ಆ ಮರಿ ತಿಂದದ್ದು ಏನು? ಕೀಡೆ ತಾನೆ? ಹಾಗಾದರೆ ಹಾರಿಹೋದ ಹುಳದ ಮೈಯೊಳಗೆ ಇದ್ದದ್ದು ಏನು?” ನನಗೆ ಉತ್ತರ ಹೊಳೆಯಲಿಲ್ಲ. ದ್ರವ್ಯದ ಲೆಕ್ಕ ಹಿಡಿದರೆ ಕೀಡೆ ಹುಳವಾದದ್ದು ನಿಜವೇ. ವಂಶದ ಲೆಕ್ಕದಲ್ಲಿ ಅಲ್ಲ. ಹಿರಿಯರು ಒಳಗೆ ಹೋದ ಕೀಡೆಯನ್ನು ಕಂಡಿದ್ದರು, ಹೊರಗೆ ಬಂದ ಹುಳವನ್ನು ಕಂಡಿದ್ದರು. ನಡುವಿನ ಕತ್ತಲಲ್ಲಿ ನಡೆದದ್ದನ್ನು ಭಕ್ತಿಯಿಂದ ತುಂಬಿಸಿದರು. ಸಿನಿಮಾದವರು ಅದೇ ಕತ್ತಲನ್ನು ಭಯದಿಂದ ತುಂಬಿಸಿದ್ದಾರೆ.

ಅಜ್ಜಿಯ ಅಪ್ಪಣೆ ಪಡೆದು (ಮನೆಯಲ್ಲಿ ಕೂಸು ಹುಟ್ಟುವ ಸಂಭವ ಸದ್ಯಕ್ಕಿಲ್ಲವೆಂದು ಖಾತ್ರಿ ಮಾಡಿಕೊಂಡೇ ಅವಳು ಒಪ್ಪಿದಳು) ಮುದ್ದೆಯ ಒಂದೇ ಒಂದು ಕೋಣೆಯನ್ನು ಚಾಕುವಿನಿಂದ ಬಿಡಿಸಿದೆ. ಒಳಗೆ ಆರು ಹಸಿರು ಕೀಡೆಗಳು ಒತ್ತಾಗಿ ಮಲಗಿದ್ದವು. ಸತ್ತಿರಲಿಲ್ಲ, ಮುಟ್ಟಿದರೆ ಒಂದೆರಡು ಮಿಸುಕಿದವು. ತಾಯಿ ಕಣಜ ಕೊಂಡಿಯಿಂದ ಚುಚ್ಚಿ ಅವುಗಳ ಅಂಗ ಕಟ್ಟಿಹಾಕಿರುತ್ತದೆ, ಕೊಲ್ಲುವುದಿಲ್ಲ; ಕೊಂದರೆ ಕೊಳೆಯುತ್ತವಲ್ಲ. ಫ್ರಾನ್ಸಿನ ಫಾಬ್ರ್ ಎಂಬ ಮಾಸ್ತರ ಇಂಥ ಗೂಡುಗಳ ಮುಂದೆ ದಿನಗಟ್ಟಲೆ ಕೂತು ಕಂಡುಕೊಂಡ ಸೋಜಿಗ ಇನ್ನೊಂದಿದೆ: ಮೊಟ್ಟೆಯನ್ನು ಕೀಡೆಗಳ ಮೇಲಿಡದೆ, ಗೂಡಿನ ಮಾಳಿಗೆಯಿಂದ ಒಂದು ನವಿರಾದ ಎಳೆಗೆ ತೂಗುಬಿಟ್ಟಿರುತ್ತದೆ. ಮಿಸುಕುವ ಕೀಡೆಗಳ ನಡುವೆ ಎಳೆಯ ಮರಿ ನಜ್ಜಾಗದಿರಲಿ ಎಂದು ಈ ತೊಟ್ಟಿಲು. ನಾವು ಬಿಡಿಸಿದ ಕೋಣೆಯಲ್ಲಿ ಮರಿ ಆಗಲೇ ತೊಟ್ಟಿಲಿಳಿದು ಏಳನೆಯ ಕೀಡೆಯ ಮೇಲೆ ಕೂತಿತ್ತು. ಇನ್ನು ಗುಂಯ್‌ಗುಡುವಿಕೆ? ಅದು ಮಂತ್ರವಲ್ಲ. ಮಣ್ಣು ಮೆತ್ತುವಾಗ ಕೆಲವು ಕಣಜಗಳು ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ ಹಸಿ ಮಣ್ಣನ್ನು ಹದವಾಗಿ ಹರಡುತ್ತವೆ, ಅದರ ಸದ್ದು. ಗಾರೆಯವನ ಕರಣೆಯ ಸದ್ದಿನ ಹಾಗೆ.

ಉಳಿದ ಎರಡು ಕೋಣೆಗಳನ್ನು ಮಣ್ಣಿನ ಸಮೇತ ಎಬ್ಬಿಸಿ, ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ಹುಡುಗನಿಗೆ ಕೊಟ್ಟೆ. ದಿನಾಲು ನೋಡು, ತಾರೀಖು ಬರೆದಿಡು ಎಂದೆ.

ಮುಂದಿನ ರವಿವಾರ ಅವನನ್ನು ಬಾದಾಮಿಗೆ ಕರೆದೊಯ್ದೆ. ಆರನೆಯ ಶತಮಾನದ ಮೊದಲನೆಯ ಗುಹೆಯಲ್ಲಿ ಅರ್ಧನಾರೀಶ್ವರನ ಬದಿಗೆ ನಿಂತ ಭೃಂಗಿಯನ್ನು ತೋರಿಸುವುದಿತ್ತು. ಶಿವನನ್ನು ಮಾತ್ರ ಸುತ್ತುವೆ, ಪಾರ್ವತಿಯನ್ನು ಸುತ್ತಲಾರೆ ಎಂದು ಹಟ ಹಿಡಿದ ಭಕ್ತ ಅವನು. ಇಬ್ಬರೂ ಒಂದೇ ಮೈಯಾದಾಗ ಭೃಂಗವಾಗಿ, ಅಂದರೆ ದುಂಬಿಯಾಗಿ, ನಡುವೆ ಕೊರೆದುಕೊಂಡು ಹೋದನಂತೆ. ಪಾರ್ವತಿ ಮುನಿದು ಅವನ ರಕ್ತಮಾಂಸ ಕಿತ್ತುಕೊಂಡಳು. ಎಲುಬಿನ ಹಂದರವಷ್ಟೇ ಉಳಿಯಿತು. ನಮ್ಮ ಶಿಲ್ಪಿಗಳು ರಾಕ್ಷಸಾಕಾರಗಳನ್ನು ಕಡೆದದ್ದೆಲ್ಲ ಆನೆ, ಸಿಂಹ, ಮೊಸಳೆಗಳನ್ನು ಬೆರೆಸಿಯೇ. ಹುಳಗಳನ್ನು ಅವರು ಬಿಟ್ಟುಬಿಟ್ಟರು. ಮೈ ಕೊರೆಯುವ ಹುಳದ ಕಲ್ಪನೆಗೆ ಕಲ್ಲಿನಲ್ಲಿ ಸಿಕ್ಕ ಜಾಗವೆಂದರೆ ನನಗೆ ಗೊತ್ತಿದ್ದಂತೆ ಈ ಬಡಕಲು ಭೃಂಗಿಯದು ಮಾತ್ರ, ಅದೂ ಹುಳದ ರೂಪದಲ್ಲಲ್ಲ. ಹುಡುಗ ಎಲುಬುಗಳನ್ನು ದಿಟ್ಟಿಸಿ ನೋಡಿ ಕೇಳಿದ: “ಸರ್, ಇವ್ನ ಮೈಯೊಳಗೂ ಯಾರರೆ ತತ್ತಿ ಇಟ್ಟಿದ್ರೇನ್ರಿ?” ಪಕ್ಕದಲ್ಲಿದ್ದ ಪ್ರವಾಸಿಗರು ತಿರುಗಿ ನೋಡಿದರು. ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ.

ಫೆಬ್ರುವರಿಯ ಕೊನೆಯ ವಾರ ರಾತ್ರಿ ಒಂಬತ್ತಕ್ಕೆ ಅವನ ಫೋನು. “ಸರ್, ಹೊರಗ ಬಂತ್ರಿ. ಆದ್ರ ಇದು ಕುಂಬಾರ ಹುಳ ಅಲ್ರಿ.” ಹಿಂದೆಯೇ ಫೋಟೋ ಬಂತು. ಬಾಟಲಿಯ ತಳದಲ್ಲಿ ನವಿಲಿನ ಕತ್ತಿನಂತೆ ಹೊಳೆಯುವ ನೀಲಿ ಹಸಿರಿನ ಒಂದು ಹುಳ. ಕೋಗಿಲೆ ಕಣಜ! ಕುಂಬಾರ ಹುಳ ಗೂಡು ಮುಚ್ಚಿ ಹೋದ ಮೇಲೆ ಇದು ಬಂದು, ಮಣ್ಣಿನ ಗೋಡೆಗೆ ತೂತು ಕೊರೆದು ತನ್ನ ಮೊಟ್ಟೆ ಇಳಿಸಿರುತ್ತದೆ. ಕೀಡೆಯನ್ನು ತಿಂದವರ ಮನೆಯಲ್ಲಿ ಮನೆಯವರನ್ನೇ ತಿಂದು ಬೆಳೆದ ಅತಿಥಿ. ಅದನ್ನೆಲ್ಲ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ.

“ಸರ್, ಹಂಗಾರ ಇದರ ಹೊಟ್ಟ್ಯಾಗೂ ಏನರೆ ಇರತೈತೇನ್ರಿ?”

ಇನ್ನೊಂದು ಕೋಣೆ ತೆರೆದಿದೆಯೇ ಎಂದು ಕೇಳಿದೆ. ಇಲ್ಲವೆಂದ. ಬಾಟಲಿಯ ಬಟ್ಟೆ ಬಿಚ್ಚಬೇಡ ಎಂದೆ.